ಗೇಮ್ ನಡುವೆ ಕಂಪ್ಯೂಟರ್ ಆಫ್ ಆದರೆ: ನಾನು ಹುಡುಕುವ ಕ್ರಮ

ಗೇಮ್ ಆಡುವಾಗ ಸಿಸ್ಟಂ ಕೈಕೊಟ್ಟರೆ ಹೆಚ್ಚಿನವರು ನೇರ ಥರ್ಮಲ್ ಪೇಸ್ಟ್‌ಗೆ (ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಕೈ ಹಾಕುತ್ತಾರೆ. ನಾನು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಅದು ಹೇಗೆ ನಿಂತಿತು ಎಂದು ನೋಡುತ್ತೇನೆ. ಫ್ಯಾನು, ಲೈಟು ಸಮೇತ ಥಟ್ಟನೆ ಆಫ್ ಆದರೆ ಅನುಮಾನ ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಮೇಲೆ ಅಥವಾ ವಿಪರೀತ ಬಿಸಿಯ ಮೇಲೆ. ಬ್ಲೂ ಸ್ಕ್ರೀನ್ ಬಂದರೆ ರ‍್ಯಾಮ್, ಡ್ರೈವರ್. ಗೇಮ್ ಮಾತ್ರ ಮುಚ್ಚಿಕೊಂಡರೆ ಬಿಸಿಯ ಪಾತ್ರ ಕಡಿಮೆ. ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗಕ್ಕೆ ಏರಿಸಿರುವುದು), ಗೇಮ್ ಫೈಲ್, ಡ್ರೈವರ್ ಕಡೆ ನೋಡಬೇಕು. ಬಿಸಿಯೇರಿದ ಪ್ರೊಸೆಸರ್ ಆಫ್ ಆಗುವ ಮುಂಚೆ ವೇಗ ತಗ್ಗಿಸಿಕೊಂಡು ಬಚಾವಾಗಲು ನೋಡುತ್ತದೆ. ಹಾಗಾಗಿ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮೊದಲೇ ಕುಸಿದಿತ್ತೇ ಎಂಬುದು ಒಳ್ಳೆಯ ಸುಳಿವು.

ವಿಂಡೋಸ್‌ನ ದಾಖಲೆ ಪಟ್ಟಿಯಾದ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಎಂಟ್ರಿ ಕಂಡ ಕೂಡಲೇ ಪವರ್ ಸಪ್ಲೈ ಹೋಯಿತು ಎಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದರ ಅರ್ಥ. ಅದರ ಆಸುಪಾಸಿನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ ಎಂಟ್ರಿ ಇದ್ದರೆ ಅದು ಹಾರ್ಡ್‌ವೇರ್ ದೋಷ. ಡಿಸ್‌ಪ್ಲೇ 4101 ಇದ್ದರೆ ಗ್ರಾಫಿಕ್ಸ್ ಡ್ರೈವರ್ ಸ್ಪಂದಿಸದೆ ಮತ್ತೆ ಶುರುವಾಗಿದೆ.

ಮುಂದೆ ಉಷ್ಣತೆ ಮುಂತಾದವನ್ನು ಅಳೆದು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಲಾಗಿಂಗ್ ಹಾಕಿ, 2 ಸೆಕೆಂಡಿಗೊಮ್ಮೆ ಬರೆಯುವಂತೆ ಮಾಡಿ, ಅದೇ ಗೇಮ್ ಆಡುತ್ತೇನೆ. ಸಿಸ್ಟಂ ನಿಂತ ಮೇಲೆ ಫೈಲಿನ ಕೊನೆಯ ಸಾಲುಗಳೇ ಮುಖ್ಯ. ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ರೈಜನ್ 7000 ಸರಣಿಯ ಹಲವು ಮಾಡೆಲ್‌ಗಳನ್ನು 95ರವರೆಗೆ ಏರುವಂತೆಯೇ ರೂಪಿಸಿದ್ದಾರೆ. ಭಾರೀ ಲೋಡ್‌ನಲ್ಲಿ ಅಲ್ಲಿ 95 ಕಂಡರೆ ಗಾಬರಿ ಬೇಡ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸಾಮಾನ್ಯ ಉಷ್ಣತೆಗಿಂತ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯ ಜಾಗ) 10–15 ಡಿಗ್ರಿ ಹೆಚ್ಚಿರುವುದು ಸಹಜ. ಈ ಅಂತರ 30ರ ಹತ್ತಿರ ಹೋದರೆ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ) ಸಮನಾಗಿ ಕೂತಿಲ್ಲ.

ಬಿಸಿ ಖಚಿತವಾದರೆ ಮೊದಲು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಆಡಿ. ಉಷ್ಣತೆ 8–10 ಡಿಗ್ರಿ ಇಳಿದರೆ ಕೂಲರ್ ಸರಿ ಇದೆ, ಗಾಳಿಯ ಹಾದಿ ಕಟ್ಟಿದೆ ಎಂದರ್ಥ. ಇಳಿಯದಿದ್ದರೆ ಕೂಲರ್ ಬಿಚ್ಚಬೇಕು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಪೂರ್ತಿ ಒರೆಸಿ, ನಡುವೆ ಬಟಾಣಿಕಾಳಿನಷ್ಟು ಹೊಸದು ಹಾಕಿ, ಸ್ಕ್ರೂಗಳನ್ನು ಕರ್ಣದಂತೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತೇನೆ. ಒಂದೇ ಮೂಲೆ ಮೊದಲು ಬಿಗಿದರೆ ಪೇಸ್ಟ್ ಒಂದು ಕಡೆಗೆ ಜಾರುತ್ತದೆ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ವೇಗವಾಗಿ ತಿರುಗಿದರೆ ಬೇರಿಂಗ್ ಹಾಳು. ಲ್ಯಾಪ್‌ಟಾಪ್‌ನಲ್ಲಿ ಹೊರಗಿನಿಂದ ಊದಿ ಹೆಚ್ಚು ಪ್ರಯೋಜನವಿಲ್ಲ: ಫ್ಯಾನ್ ಮತ್ತು ಹೀಟ್‌ಸಿಂಕ್ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ, ಅದನ್ನು ಬಿಚ್ಚಿಯೇ ಎಳೆದು ತೆಗೆಯಬೇಕು.

ಉಷ್ಣತೆ ಸರಿಯಿದ್ದೂ ಆಫ್ ಆಗುತ್ತಿದ್ದರೆ ಪವರ್ ಕಡೆ ತಿರುಗುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ 70 ಶೇಕಡಾಕ್ಕೆ ಇಳಿಸಿ ಆಡಿದಾಗ ಸಿಸ್ಟಂ ಆಫ್ ಆಗದಿದ್ದರೆ ಎಸ್‌ಎಂಪಿಎಸ್ ಅಥವಾ ಕೇಬಲ್ ಸಾಲುತ್ತಿಲ್ಲ ಎಂಬ ಬಲವಾದ ಶಂಕೆ. ಕಾರ್ಡಿಗೆ ಪವರ್ ಕೊಡುವ 8 ಪಿನ್ ಪಿಸಿಐಇ ಕನೆಕ್ಟರ್ 150 ವ್ಯಾಟ್‌ಗೆ ನಿಗದಿಯಾದದ್ದು. ಎರಡು ಸಾಕೆಟ್ ಇರುವ ಕಾರ್ಡಿಗೆ ಒಂದೇ ಕೇಬಲ್‌ನ ಎರಡು ತುದಿ ಚುಚ್ಚುವ ಬದಲು ಎರಡು ಬೇರೆ ಕೇಬಲ್ ಎಳೆಯಿರಿ. ಖರ್ಚಿಲ್ಲದ ಈ ಕೆಲಸವನ್ನು ಹೊಸ ಎಸ್‌ಎಂಪಿಎಸ್ ಕೊಳ್ಳುವ ಮುಂಚೆ ಮಾಡಬೇಕು.

ಬ್ಲೂ ಸ್ಕ್ರೀನ್ ಇದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮ್ ವೇಗ ಏರಿಸುವ ಸೆಟ್ಟಿಂಗ್) ಆಫ್ ಮಾಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು 4 ಸುತ್ತು ಓಡಿಸುತ್ತೇನೆ. ಒಂದೇ ಒಂದು ಎರರ್ ಬಂದರೂ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಬೇಕು.

ಎಲ್ಲ ಸರಿಯಾದ ಮೇಲೂ ಕಾರ್ಡ್ ಬಿಸಿ ಎನಿಸಿದರೆ ಅಂಡರ್‌ವೋಲ್ಟ್ ಮಾಡಿ, ಅಂದರೆ ಅದಕ್ಕೆ ಹೋಗುವ ವೋಲ್ಟೇಜ್ ತಗ್ಗಿಸಿ. ವೋಲ್ಟೇಜನ್ನು 25 ಮಿಲಿವೋಲ್ಟ್‌ನಂತೆ ಇಳಿಸುತ್ತಾ ಹೋಗಿ, ಗೇಮ್ ಕ್ರ್ಯಾಶ್ ಆದ ಕಡೆಯಿಂದ ಒಂದೆರಡು ಹೆಜ್ಜೆ ಮೇಲೆ ನಿಲ್ಲಿಸಿ. ಬೆಂಚ್‌ಮಾರ್ಕ್ ಪಾಸಾದರೆ ಸಾಲದು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ಚಿತ್ರ ಮೂಡಿಸುವ ವಿಧಾನ) ಇರುವ ಗೇಮ್‌ನಲ್ಲೂ ಗಂಟೆಗಟ್ಟಲೆ ಓಡಿಸಿ ನೋಡಬೇಕು.