ಪಶ್ಚಿಮ ಆಫ್ರಿಕಾದ ಕಲೆಯನ್ನು ಹರಾಜಿನಲ್ಲಿ ಕೊಳ್ಳುವುದು: ನನ್ನ ಅನುಭವ

ಪಶ್ಚಿಮ ಆಫ್ರಿಕಾದ ಕೃತಿಯೊಂದು ಹರಾಜಿನ ಕ್ಯಾಟಲಾಗಿನಲ್ಲಿ ಕಣ್ಣಿಗೆ ಬಿದ್ದಾಗ ನಾನು ಮೊದಲು ಓದುವುದು ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಒಡೆತನದ ಇತಿಹಾಸವನ್ನು. ಆ ವಸ್ತು ಯಾವ ಕಾಲದಲ್ಲಿ, ಯಾರ ಕೈಯಿಂದ ಯಾರ ಕೈಗೆ, ಯಾವ ಸಂದರ್ಭದಲ್ಲಿ ತನ್ನ ಊರನ್ನು ಬಿಟ್ಟಿತು ಎಂಬುದು ತಿಳಿಯುವ ಮುನ್ನ ಅದರ ಚೆಲುವಿಗೆ ಮನಸೋಲುವುದು ಈ ಕ್ಷೇತ್ರದಲ್ಲಿ ಅಪಾಯಕರ. ಉದ್ಯೋಗದ ನಿಮಿತ್ತ ನೈಜೀರಿಯಾದ ಲಾಗೋಸ್‌ನಲ್ಲಿ ಕೆಲವು ವರ್ಷ ಇದ್ದು, ಅನಂತರ ಲಂಡನ್ನಿನಲ್ಲಿ ನೆಲೆಸಿರುವ ನಾನು ಸಂಬಳದಲ್ಲಿ ಉಳಿಸಿದ ಹಣದಿಂದ ಸಂಗ್ರಹ ಮಾಡಿದವನು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಸಣ್ಣ ಪ್ರಮಾಣದ ಸಂಗ್ರಾಹಕನ ವಿಧಾನ. ನನ್ನಲ್ಲಿರುವುದು ಮುಖ್ಯವಾಗಿ ನೈರುತ್ಯ ನೈಜೀರಿಯಾದ ಯೊರುಬಾ ಜನರ ಅವಳಿ ಮಕ್ಕಳ ಮರದ ಪ್ರತಿಮೆಗಳು, ಘಾನಾದ ಅಸಾಂಟೆ ಜನರ ಹಿತ್ತಾಳೆಯ ತೂಕದ ಕಲ್ಲುಗಳು ಮತ್ತು ನೈಜೀರಿಯಾದ ಆಧುನಿಕ ಕಲಾವಿದರ ಮುದ್ರಣಚಿತ್ರಗಳು.

ಒಡೆತನದ ಇತಿಹಾಸಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. 1897ರಲ್ಲಿ ಬ್ರಿಟಿಷ್ ಸೇನೆ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರದ ಮೇಲೆ ದಾಳಿ ಮಾಡಿ ಅರಮನೆಯಿಂದ ಹೊತ್ತೊಯ್ದ ಸಾವಿರಾರು ಲೋಹಶಿಲ್ಪಗಳು ಮತ್ತು ದಂತದ ಕೃತಿಗಳಲ್ಲಿ ಅನೇಕವು ಸ್ವಲ್ಪ ಕಾಲದಲ್ಲೇ ಲಂಡನ್ನಿನ ಹರಾಜು ಕೋಣೆಗಳನ್ನು ಸೇರಿದವು. ಅದಕ್ಕೂ ಮುನ್ನ 1874ರಲ್ಲಿ ಈಗಿನ ಘಾನಾದ ಕುಮಾಸಿಯ ಅಸಾಂಟೆ ಅರಮನೆ ಇದೇ ರೀತಿ ಲೂಟಿಯಾಗಿತ್ತು. 1967ರಿಂದ 1970ರವರೆಗೆ ನಡೆದ ನೈಜೀರಿಯಾದ ಅಂತರ್ಯುದ್ಧವಾದ ಬಿಯಾಫ್ರಾ ಯುದ್ಧದ ಗೊಂದಲದಲ್ಲಿ ಆಗ್ನೇಯ ಭಾಗದ ಇಗ್ಬೊ ಜನರ ಹಳ್ಳಿಗಳ ಗುಡಿಗಳಿಂದ ದೇವರ ಮರದ ಮೂರ್ತಿಗಳು ಕಾಣೆಯಾಗಿ ಯುರೋಪಿನ ಮಾರುಕಟ್ಟೆಗೆ ಬಂದವು. ಅಂಥ ಒಂದು ಜೋಡಿಯನ್ನು 2020ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಹರಾಜಿಗಿಟ್ಟಾಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಚಿಕಾ ಒಕೆಕೆ-ಅಗುಲು ಬಹಿರಂಗವಾಗಿ ವಿರೋಧಿಸಿದರು; ಮಾರಾಟ ಕಾನೂನುಬದ್ಧವೆಂದು ಹರಾಜು ಸಂಸ್ಥೆ ಸಮರ್ಥಿಸಿಕೊಂಡಿತು ಮತ್ತು ಮೂರ್ತಿಗಳು ಮಾರಾಟವಾದವು. ಕಾನೂನು ಅನುಮತಿಸಿದ್ದೆಲ್ಲವೂ ನನ್ನ ಮನೆಗೆ ಬರಬೇಕಾಗಿಲ್ಲ ಎಂದು ಆ ಪ್ರಸಂಗವನ್ನು ಓದುವಾಗ ನನಗೆ ಸ್ಪಷ್ಟವಾಯಿತು. ಇಗ್ಬೊ ಗುಡಿಗಳ ಮೂರ್ತಿಗಳು 1967ಕ್ಕಿಂತ ಮೊದಲೇ ಹೊರಗಿದ್ದವು ಎಂಬುದಕ್ಕೆ ಕಾಗದದ ಪುರಾವೆ ಇಲ್ಲದಿದ್ದರೆ ನಾನು ಅವುಗಳಿಗೆ ಕೂಗು ಹಾಕುವುದಿಲ್ಲ.

ನೈಜೀರಿಯಾದಲ್ಲಿ ಪ್ರಾಚ್ಯವಸ್ತುಗಳ ರಫ್ತನ್ನು ನಿಯಂತ್ರಿಸುವ ಕಾಯ್ದೆ 1953ರಲ್ಲೇ ಬಂದಿತ್ತು. 1979ರ ಕಾಯ್ದೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇವೆರಡರ ನಡುವೆ, 1970ರಲ್ಲಿ, ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೊ ಒಪ್ಪಂದ ಬಂತು. ಹರಾಜು ಸಂಸ್ಥೆಗಳು ಸಾಮಾನ್ಯವಾಗಿ 1970ನ್ನು ಗಡಿಯಾಗಿ ಇಟ್ಟುಕೊಂಡು ಮಾತನಾಡುತ್ತವೆ. ಆದರೆ ಮೂಲ ದೇಶದ ಕಾಯ್ದೆ ಅದಕ್ಕಿಂತ ಹಳೆಯದಾಗಿರಬಹುದು ಎಂಬುದನ್ನು ಕೊಳ್ಳುವವನು ಮರೆಯಬಾರದು. ಮಣ್ಣಿನಡಿಯಿಂದ ಬಂದ ವಸ್ತುಗಳನ್ನಂತೂ ನಾನು ಮುಟ್ಟುವುದೇ ಇಲ್ಲ. ನೈಜೀರಿಯಾದ ನೋಕ್ ಮತ್ತು ಇಫೆಯ ಸುಟ್ಟಮಣ್ಣಿನ ಶಿಲ್ಪಗಳು, ಮಾಲಿಯ ಜೆನ್ನೆ ಪ್ರದೇಶದ ಮೂರ್ತಿಗಳು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಕೆಂಪು ಪಟ್ಟಿಯಲ್ಲಿ, ಅಂದರೆ ಅಕ್ರಮ ಸಾಗಣೆಯ ಅಪಾಯವಿರುವ ವಸ್ತುಗಳ ಪಟ್ಟಿಯಲ್ಲಿವೆ. ಮಾರುಕಟ್ಟೆಗೆ ಬರುವ ಇವುಗಳಲ್ಲಿ ಬಹುಪಾಲು ಕದ್ದು ಅಗೆದವು. ಅಗೆದವರು ಹಾಳುಮಾಡಿದ ನೆಲದಿಂದ ಇನ್ನು ಯಾವ ಪುರಾತತ್ತ್ವಜ್ಞನೂ ಏನನ್ನೂ ಓದಲಾರ.

ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದೇನು ಎಂದು ಕೆಲವರು ಕೇಳುತ್ತಾರೆ. ಸಾಕಷ್ಟು ಉಳಿಯುತ್ತದೆ, ಮತ್ತು ಅದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಎರೆ ಇಬೇಜಿ ಎಂಬ ಅವಳಿ ಪ್ರತಿಮೆಗಳು. ಯೊರುಬಾ ಜನರಲ್ಲಿ ಅವಳಿಗಳ ಜನನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅವಳಿಗಳಲ್ಲಿ ಮೊದಲು ಹುಟ್ಟಿದ ಮಗು ತೈವೊ, ಎರಡನೆಯದು ಕೆಹಿಂಡೆ. ಒಂದು ಮಗು ತೀರಿಕೊಂಡರೆ ಮನೆಯವರು ಇಫಾ ಎಂಬ ಕಣಿ ಶಾಸ್ತ್ರ ನೋಡುವವರ ಸಲಹೆಯಂತೆ ಮರದ ಕೆತ್ತನೆಗಾರನಿಂದ ಒಂದು ಪ್ರತಿಮೆ ಮಾಡಿಸುತ್ತಿದ್ದರು. ಸುಮಾರು ಒಂದು ಗೇಣು ಎತ್ತರದ ಆ ಪ್ರತಿಮೆಯನ್ನು ತಾಯಿ ಬದುಕಿರುವ ಮಗುವಿನ ಹಾಗೆಯೇ ತೊಳೆದು, ಉಣ್ಣಿಸಿ, ಕೆಂಪು ಮರದ ಪುಡಿಯನ್ನು ಮೈಗೆ ಲೇಪಿಸಿ, ತಲೆಗೂದಲಿನ ಗೆರೆಗಳಿಗೆ ನೀಲಿ ತುಂಬಿ, ಮಣಿಸರ ಹಾಕಿ, ಕೆಲವೊಮ್ಮೆ ಕವಡೆ ಹೊಲಿದ ಅಂಗಿ ತೊಡಿಸಿ ಸಲಹುತ್ತಿದ್ದಳು. ವರ್ಷಗಟ್ಟಲೆ ಕೈಯಾಡಿದ್ದರಿಂದ ಕಣ್ಣು, ಮೂಗು, ಬಾಯಿ ಸವೆದು ನುಣುಪಾಗಿರುವ ಪ್ರತಿಮೆಗಳೂ ಉಂಟು. ಇಪ್ಪತ್ತನೆಯ ಶತಮಾನದಲ್ಲಿ ಬಹಳ ಕುಟುಂಬಗಳು ಕ್ರೈಸ್ತ ಅಥವಾ ಇಸ್ಲಾಂ ಧರ್ಮವನ್ನು ಸ್ವೀಕರಿಸಿದ ಮೇಲೆ ಈ ಆಚರಣೆ ಹಿಂದೆ ಸರಿದು, ದೊಡ್ಡ ಸಂಖ್ಯೆಯಲ್ಲಿ ಪ್ರತಿಮೆಗಳು ಮಾರಾಟಕ್ಕೆ ಬಂದವು. ಹೀಗಾಗಿ ಸಂಬಳದಾರನಿಗೂ ಎಟುಕುವ ಬೆಲೆಯಲ್ಲಿ, ಹಳೆಯ ಸಂಗ್ರಹಗಳ ದಾಖಲೆಯೊಂದಿಗೆ, ಅವು ಯುರೋಪಿನ ಹರಾಜುಗಳಲ್ಲಿ ಈಗಲೂ ಸಿಗುತ್ತವೆ.

ಮಾರಾಟಕ್ಕೆಂದೇ ಕೆತ್ತಿ ಹಳೆಯದೆಂದು ತೋರಿಸಿದ ಇಬೇಜಿಗಳೂ ಅಷ್ಟೇ ಹೇರಳ. ಆದ್ದರಿಂದ ಹರಾಜಿಗೆ ಮುಂಚಿನ ಪ್ರದರ್ಶನದ ದಿನಗಳಲ್ಲಿ ಸ್ವತಃ ಹೋಗಿ, ಸಿಬ್ಬಂದಿಯ ಅನುಮತಿ ಪಡೆದು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ನಾನು ಕೊಳ್ಳುವುದಿಲ್ಲ. ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆತದ ಸ್ವರೂಪ ತಿಳಿಯುತ್ತದೆ. ನಿಜವಾದ ಸವೆತ ಕೈ ತಾಗುವ ಉಬ್ಬುಗಳಲ್ಲಿ, ಅಂದರೆ ಕೆನ್ನೆ, ಮೂಗು, ಎದೆ, ಹೊಟ್ಟೆಗಳಲ್ಲಿ ಇರುತ್ತದೆ. ತೋಳು ಮತ್ತು ಪಕ್ಕೆಯ ನಡುವಿನ ಸಂದಿನಲ್ಲಿ ಉಳಿಯ ಗುರುತು ಹರಿತವಾಗಿಯೇ ಉಳಿದಿರುತ್ತದೆ. ಮರಳುಕಾಗದದಿಂದ ಉಜ್ಜಿದ ಪ್ರತಿಮೆಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಕೆಂಪು ಪುಡಿ ಸಂದುಗೊಂದುಗಳಲ್ಲಿ ಪದರ ಪದರವಾಗಿ ಗಟ್ಟಿಯಾಗಿದೆಯೇ, ಮಣಿಸರದ ದಾರ ಕತ್ತು ಮತ್ತು ಸೊಂಟದ ಮರವನ್ನು ತಿಕ್ಕಿ ಗೆರೆ ಮಾಡಿದೆಯೇ, ಪೀಠದ ತಳಭಾಗ ನೆಲಕ್ಕೆ ತಾಗಿ ನಯವಾಗಿದೆಯೇ ಎಂದು ಒಂದೊಂದಾಗಿ ನೋಡುತ್ತೇನೆ. ಶೂ ಪಾಲಿಷಿನ ವಾಸನೆ ಬಂದರೆ ಅಲ್ಲಿಗೆ ಬಿಡುತ್ತೇನೆ. ಯೊರುಬಾ ನಾಡಿನ ಓಯೊ, ಅಬೆಯೊಕುಟಾ, ಇಗ್ಬೊಮಿನಾ ಮುಂತಾದ ಪ್ರದೇಶಗಳ ಕೆತ್ತನೆಗೆ ತನ್ನದೇ ಆದ ಶೈಲಿಯಿದೆ. ಅಬೆಯೊಕುಟಾದ ಅದುಗ್ಬೊಲೊಗೆ ಮನೆತನದಂಥ ಕಾರ್ಯಾಗಾರಗಳ ಕೈಯನ್ನು ವಿದ್ವಾಂಸರು ಗುರುತಿಸುತ್ತಾರೆ. ಇದನ್ನು ಕಣ್ಣಿಗೆ ಅಭ್ಯಾಸ ಮಾಡಿಸಿದ್ದು 1957ರಲ್ಲಿ ಸ್ಥಾಪನೆಯಾದ ಲಾಗೋಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹಾಗೂ ಹಾರ್ನಿಮನ್ ಮ್ಯೂಸಿಯಂ. ದಾಖಲೆ ಖಚಿತವಾಗಿರುವ ವಸ್ತುಗಳ ಮುಂದೆ ಗಂಟೆಗಟ್ಟಲೆ ನಿಲ್ಲದೆ ಯಾವ ಪುಸ್ತಕದಿಂದಲೂ ಈ ಅಭ್ಯಾಸ ಆಗುವುದಿಲ್ಲ.

ಅಸಾಂಟೆ ತೂಕದ ಕಲ್ಲುಗಳ ವಿಚಾರ ಬೇರೆ. ಅಸಾಂಟೆಯರೂ ಸೇರಿದ ಅಕಾನ್ ಜನರ ನಾಡಿನಲ್ಲಿ ಚಿನ್ನದ ಪುಡಿಯೇ ಹಣವಾಗಿದ್ದ ಶತಮಾನಗಳಲ್ಲಿ ವ್ಯಾಪಾರ ಮಾಡುವ ಪ್ರತಿಯೊಬ್ಬನ ಬಳಿಯೂ ತಕ್ಕಡಿ, ಚಮಚ, ಪುಡಿಯ ಡಬ್ಬಿ ಮತ್ತು ಈ ತೂಕಗಳ ಗಂಟು ಇರುತ್ತಿತ್ತು. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು ಹಿತ್ತಾಳೆ ಹೊಯ್ಯುವ ವಿಧಾನದಲ್ಲಿ ಅವು ತಯಾರಾಗುತ್ತಿದ್ದವು. ನೆಲಗಡಲೆಕಾಯಿ, ಜೀರುಂಡೆಗಳನ್ನೇ ನೇರವಾಗಿ ಅಚ್ಚಿಗೆ ಇಟ್ಟು ಎರಕ ಹೊಯ್ದವೂ ಇವೆ. ಮೊದಲಿನವು ಹೆಚ್ಚಾಗಿ ಜ್ಯಾಮಿತಿಯ ಆಕಾರದವು. 1700ರ ಸುಮಾರಿನ ಬಳಿಕ ಹಕ್ಕಿ, ಮೀನು, ಮನುಷ್ಯರ ಆಕೃತಿಗಳು ಹೆಚ್ಚುತ್ತವೆ. ಹೊರಳಿ ಹಿಂದೆ ನೋಡುವ ಹಕ್ಕಿ, ಒಂದೇ ಹೊಟ್ಟೆ ಎರಡು ತಲೆಯ ಮೊಸಳೆ ಮುಂತಾದ ರೂಪಗಳ ಹಿಂದೆ ಒಂದೊಂದು ಗಾದೆ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಸಾಹತು ಸರ್ಕಾರದ ನಾಣ್ಯ ಬಂದು ಚಿನ್ನದ ಪುಡಿಯ ವಹಿವಾಟು ನಿಂತ ಮೇಲೆ ಬಳಕೆ ತಪ್ಪಿದ ತೂಕಗಳು ಸಾವಿರಗಟ್ಟಲೆ ಹೊರಬಂದವು. ಪರೀಕ್ಷಿಸುವಾಗ ನಾನು ಸರಾಫರ ಸಣ್ಣ ಡಿಜಿಟಲ್ ತಕ್ಕಡಿಯನ್ನು ಒಯ್ಯುತ್ತೇನೆ. ತೂಕವನ್ನು ಸರಿಹೊಂದಿಸಲು ಒಂದು ಕಡೆ ಸೇರಿಸಿದ ಲೋಹದ ತುಣುಕು, ತುಂಬಿದ ಸೀಸ ಅಥವಾ ಅರ ಹಾಕಿ ಉಜ್ಜಿದ ಗುರುತು ಕಂಡರೆ ಅದು ಅಂಗಡಿಯಲ್ಲಿ ನಿಜಕ್ಕೂ ತೂಗಿದ ವಸ್ತು ಎಂಬ ಭರವಸೆ ಹೆಚ್ಚುತ್ತದೆ. ಪ್ರವಾಸಿಗರಿಗಾಗಿ ಹೊಯ್ದ ಇತ್ತೀಚಿನವು ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡವು, ಅಂಚುಗಳು ಒರಟು, ಎಲ್ಲ ಕಡೆ ಒಂದೇ ಬಣ್ಣ. ಅರಮನೆಯ ಚಿನ್ನದ ಆಭರಣಗಳ ವಿಷಯದಲ್ಲಿ ಮಾತ್ರ 1874ರ ನೆರಳು ಇದ್ದೇ ಇರುತ್ತದೆ. 2024ರಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳು ಅಂಥ ಒಡವೆಗಳನ್ನು ಕುಮಾಸಿಯ ಮನ್ಹಿಯಾ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಎರವಲಾಗಿ ಕಳುಹಿಸಿದವು. ಎರವಲು ಸಾಲದು, ಮರಳಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹರಾಜಿನ ಲೆಕ್ಕ ಹೊಸಬರಿಗೆ ಗೊಂದಲ ಉಂಟುಮಾಡುವಂಥದು. ಕ್ಯಾಟಲಾಗಿನ ಅಂದಾಜು ಬೆಲೆಯಾಗಲಿ, ಕೊನೆಯ ಕೂಗಿಗೆ ಸುತ್ತಿಗೆ ಬಿದ್ದ ಬೆಲೆಯಾಗಲಿ ನೀವು ಕೊಡುವ ಮೊತ್ತವಲ್ಲ. ಹರಾಜು ಸಂಸ್ಥೆ ತನ್ನ ಶುಲ್ಕವಾಗಿ ಕೊಳ್ಳುವವನಿಂದ ಪಡೆಯುವ ಪ್ರೀಮಿಯಂ ಶೇಕಡಾ 25ರ ಆಸುಪಾಸಿನಲ್ಲಿ, ಕೆಲವೆಡೆ ಅದಕ್ಕಿಂತ ಹೆಚ್ಚಿರುತ್ತದೆ. 1,000 ಪೌಂಡಿಗೆ ಸುತ್ತಿಗೆ ಬಿತ್ತು ಎಂದಿಟ್ಟುಕೊಂಡರೆ, ಶೇಕಡಾ 25ರ ದರದಲ್ಲಿ ಪ್ರೀಮಿಯಂ 250 ಪೌಂಡ್, ಆ ಪ್ರೀಮಿಯಂ ಮೇಲೆ ಬ್ರಿಟನ್ನಿನಲ್ಲಿ ಶೇಕಡಾ 20ರ ತೆರಿಗೆ 50 ಪೌಂಡ್ ಸೇರಿ 1,300 ಆಗುತ್ತದೆ. ಹೊರದೇಶದಿಂದ ಮಾರಾಟಕ್ಕೆಂದು ತಂದ ವಸ್ತುವಾದರೆ ಆಮದು ತೆರಿಗೆ ಬೇರೆ. ಇದೆಲ್ಲ ಸೇರಿದ ಮೊತ್ತವನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ನನ್ನ ಗರಿಷ್ಠ ಕೂಗನ್ನು ಬರೆದಿಟ್ಟು, ಬಹುತೇಕ ಸಲ ಅದನ್ನು ಹಿಂದಿನ ದಿನವೇ ಲಿಖಿತವಾಗಿ ಸಂಸ್ಥೆಗೆ ಕೊಟ್ಟು ಸುಮ್ಮನಾಗುತ್ತೇನೆ. ಕೋಣೆಯಲ್ಲಿ ಕುಳಿತಾಗ ಎದುರಾಳಿಯ ಕೂಗು ಬುದ್ಧಿಯನ್ನು ಮಸಕುಗೊಳಿಸುತ್ತದೆ. ದಂತದ ವಸ್ತುಗಳನ್ನು ನೋಡುವುದಕ್ಕೂ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ 2022ರಿಂದ ಜಾರಿಯಲ್ಲಿರುವ ದಂತ ಕಾಯ್ದೆ ಅವುಗಳ ಮಾರಾಟವನ್ನು ನಿಷೇಧಿಸಿ ಕೆಲವೇ ವಿನಾಯಿತಿಗಳನ್ನು ಕೊಟ್ಟಿದೆ.

ಆಧುನಿಕ ಕಲೆಯ ಕಡೆಗೆ ನನ್ನನ್ನು ತಿರುಗಿಸಿದ್ದು ಲಾಗೋಸ್. ಭಾರತ ಮೂಲದ ಕವಿತಾ ಚೆಲ್ಲಾರಾಮ್ 2007ರಲ್ಲಿ ಅಲ್ಲಿ ಸ್ಥಾಪಿಸಿದ ಆರ್ಟ್‌ಹೌಸ್ ಕಂಟೆಂಪರರಿ ಮರುವರ್ಷದಿಂದ ಹರಾಜುಗಳನ್ನು ನಡೆಸಿದ್ದು ನೈಜೀರಿಯಾದ ಕಲೆಗೆ ನೈಜೀರಿಯಾದಲ್ಲೇ ಬೆಲೆ ಗೊತ್ತಾಗುವಂತೆ ಮಾಡಿತು. ಲಂಡನ್ನಿನಲ್ಲಿ ಬೋನಮ್ಸ್ 2009ರಿಂದ, ಸಾದಬೀಸ್ 2017ರಿಂದ ಆಫ್ರಿಕಾದ ಆಧುನಿಕ ಕಲೆಗೆ ಪ್ರತ್ಯೇಕ ಹರಾಜುಗಳನ್ನು ಆರಂಭಿಸಿದವು. ನೈಜೀರಿಯಾದ ಚಿತ್ರಕಾರ ಬೆನ್ ಎನ್‌ವೊನ್ವು 1974ರಲ್ಲಿ ಚಿತ್ರಿಸಿದ, ಬಹುಕಾಲ ಕಾಣೆಯಾಗಿದ್ದ ಟುಟು ಎಂಬ ಯೊರುಬಾ ರಾಜಕುಮಾರಿಯ ಭಾವಚಿತ್ರ ಲಂಡನ್ನಿನ ಒಂದು ಫ್ಲಾಟಿನಲ್ಲಿ ಪತ್ತೆಯಾಗಿ 2018ರ ಫೆಬ್ರವರಿಯಲ್ಲಿ ಸುಮಾರು 12 ಲಕ್ಷ ಪೌಂಡಿಗೆ ಮಾರಾಟವಾದಾಗ, ಆ ಹರಾಜನ್ನು ಲಾಗೋಸ್‌ನಲ್ಲಿಯೂ ನೇರವಾಗಿ ಪ್ರಸಾರ ಮಾಡಿದ್ದರು. ಆ ಮಟ್ಟದ ಚಿತ್ರಗಳು ನನಗೆ ನೋಡಿ ಸಂತೋಷಪಡಲು ಮಾತ್ರ. ನಾನು ಆರಿಸಿಕೊಂಡದ್ದು ಬ್ರೂಸ್ ಒನೊಬ್ರಾಕ್‌ಪೆಯಾ ಅವರ ಮುದ್ರಣಚಿತ್ರಗಳನ್ನು. 1932ರಲ್ಲಿ ಹುಟ್ಟಿದ ಅವರು ಉತ್ತರ ನೈಜೀರಿಯಾದ ಝಾರಿಯಾದ ಕಾಲೇಜಿನಲ್ಲಿ ಉಚೆ ಒಕೆಕೆ, ಡೆಮಾಸ್ ನ್ವೊಕೊ ಮುಂತಾದವರ ಜೊತೆಗೂಡಿ, ಪಾಶ್ಚಾತ್ಯ ಪಾಠವನ್ನು ಹಾಗೆಯೇ ಒಪ್ಪದೆ ತಮ್ಮ ನೆಲದ ರೂಪಗಳೊಂದಿಗೆ ಬೆಸೆದ ಪೀಳಿಗೆಗೆ ಸೇರಿದವರು. ಒಂದೇ ಫಲಕದಿಂದ ಹಲವು ಪ್ರತಿಗಳು ಬರುವುದರಿಂದ ಬೆಲೆ ಕೈಗೆಟುಕುತ್ತದೆ. ಪ್ರತಿಯ ಸಂಖ್ಯೆ, ಸಹಿ, ಕಾಗದದ ಅಂಚು, ಫಲಕ ಒತ್ತಿದ ಉಬ್ಬು ಇವನ್ನು ಮಾತ್ರ ಚೌಕಟ್ಟು ಬಿಚ್ಚಿಸಿ ನೋಡಬೇಕು.

ಟ್ವಿನ್ಸ್ ಸೆವೆನ್-ಸೆವೆನ್ ಅವರ ಮಸಿ ಚಿತ್ರವೊಂದು ನನ್ನ ಇಬೇಜಿಗಳ ಪಕ್ಕದಲ್ಲೇ ಇದೆ. ಒಶೊಗ್ಬೊ ಎಂಬ ಯೊರುಬಾ ಪಟ್ಟಣದ 1960ರ ದಶಕದ ಕಲಾ ಕಾರ್ಯಾಗಾರದಿಂದ ಬೆಳೆದ ಈ ಯೊರುಬಾ ಕಲಾವಿದ ತನ್ನ ತಾಯಿಯ ಏಳು ಅವಳಿ ಹೆರಿಗೆಗಳಲ್ಲಿ ಬದುಕುಳಿದ ಒಬ್ಬನೇ ಮಗನೆಂದು ಹೇಳಿಕೊಂಡು ಆ ಹೆಸರನ್ನಿಟ್ಟುಕೊಂಡಿದ್ದರು. ಸಾಂಪ್ರದಾಯಿಕ ಕಲೆಯನ್ನು ಒಂದು ಇಲಾಖೆಗೂ ಸಮಕಾಲೀನ ಕಲೆಯನ್ನು ಇನ್ನೊಂದಕ್ಕೂ ಹಂಚಿ, ಬೇರೆ ಬೇರೆ ದಿನ, ಬೇರೆ ಬೇರೆ ಕೊಳ್ಳುಗರಿಗೆ ಮಾರುವ ಹರಾಜು ಸಂಸ್ಥೆಗಳ ಪದ್ಧತಿಯಿಂದ ಈ ರಕ್ತಸಂಬಂಧ ಕಣ್ಣಿಗೆ ಬೀಳದೆ ಹೋಗುತ್ತದೆ.

ತೀರ ಎಳೆಯ ಕಲಾವಿದರ ಕೃತಿಗಳನ್ನು ಹರಾಜಿನಲ್ಲಿ ಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಘಾನಾದ ಅಮೊವಾಕೊ ಬೊವಾಫೊ ಅವರ ಒಂದು ಚಿತ್ರ 2020ರ ಫೆಬ್ರವರಿಯಲ್ಲಿ 30,000ದಿಂದ 50,000 ಪೌಂಡಿನ ಅಂದಾಜಿಗೆ ಎದುರಾಗಿ 6,75,000 ಪೌಂಡ್ ತಂದಿತು. ಅಂಥ ಏರಿಕೆಯ ಲಾಭ ಬೇಗ ಕೊಂಡು ಬೇಗ ಮಾರಿದವರಿಗೆ ಹೋಗುತ್ತದೆ. ಬದುಕಿರುವ ಕಲಾವಿದನ ಹೊಸ ಕೃತಿ ಬೇಕಾದರೆ ಅಕ್ರಾದಲ್ಲಿ ಅಬ್ಲಾಡೆ ಗ್ಲೋವರ್ ಕಟ್ಟಿದ ಆರ್ಟಿಸ್ಟ್ಸ್ ಅಲಯನ್ಸ್ ಗ್ಯಾಲರಿಯಂಥ ಕಡೆ, ಇಲ್ಲವೇ ಲಾಗೋಸ್‌ನ ಗ್ಯಾಲರಿಗಳಲ್ಲಿ ಕೊಂಡರೆ ಹಣ ಕೃತಿ ಮಾಡಿದವರಿಗೆ ಸೇರುತ್ತದೆ.

ಮನೆಗೆ ಬಂದ ಮರದ ಪ್ರತಿಮೆಯನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಪ್ರತ್ಯೇಕವಾಗಿಟ್ಟು, ಮರ ಕೊರೆಯುವ ಹುಳುಗಳ ತೂತುಗಳಿಂದ ಹೊಸ ಪುಡಿ ಉದುರುತ್ತದೆಯೇ ಎಂದು ಗಮನಿಸುತ್ತೇನೆ. ಉದುರಿದರೆ ಸಂರಕ್ಷಣಾ ತಜ್ಞರನ್ನು ಕೇಳಿ, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಶೈತ್ಯದಲ್ಲಿಡಿಸುತ್ತೇನೆ. ಪ್ರತಿಮೆಯನ್ನು ತೊಳೆಯುವುದು, ಎಣ್ಣೆ ಹಚ್ಚುವುದು, ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದ ಬೆಳಗುವುದು, ಇವು ಯಾವುವನ್ನೂ ಮಾಡಬಾರದು. ಆ ಕೆಂಪು ಪುಡಿಯೂ ಆ ಮಾಸಲು ಬಣ್ಣವೂ ವಸ್ತುವಿನ ಬದುಕಿನ ಭಾಗ. ಪ್ರತಿಯೊಂದಕ್ಕೂ ಒಂದು ಕಡತವಿದೆ. ಅದರಲ್ಲಿ ಕ್ಯಾಟಲಾಗಿನ ಪುಟ, ರಸೀದಿ, ಹಿಂದಿನ ಒಡೆಯರ ಪತ್ರಗಳ ನಕಲು, ತಳದಲ್ಲಿ ಅಂಟಿಸಿದ ಹಳೆಯ ಚೀಟಿಯ ಫೋಟೊ, ಸಂಸ್ಥೆ ಕೊಟ್ಟ ಸ್ಥಿತಿ ವರದಿ ಎಲ್ಲವೂ ಇರುತ್ತವೆ. ಕೊಂಡ ಮೇಲೆಯೂ ಹುಡುಕಾಟ ಮುಂದುವರಿಸಿ, ಹೊಸದಾಗಿ ಏನಾದರೂ ತಿಳಿದರೆ ಸೇರಿಸುತ್ತೇನೆ. ಯಾವುದಾದರೂ ವಸ್ತು ಬಲವಂತದಿಂದ ಅಥವಾ ಕಳ್ಳತನದಿಂದ ಹೊರಬಂದದ್ದೆಂದು ಮುಂದೆ ಸಿದ್ಧವಾದರೆ ಅದನ್ನು ಮೂಲ ದೇಶದ ವಸ್ತುಸಂಗ್ರಹಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕೆಂದು ನನ್ನ ಉಯಿಲಿನಲ್ಲಿ ಬರೆಸಿದ್ದೇನೆ. ಮಕ್ಕಳಿಗೂ ಕಡತಗಳು ಎಲ್ಲಿವೆ, ಅವನ್ನು ಹೇಗೆ ಓದಬೇಕು ಎಂಬುದನ್ನು ತೋರಿಸಿಕೊಟ್ಟಿದ್ದೇನೆ.