ಅಳಿವೆಯಿಂದ ಗುಡ್ಡದ ಕಡೆಗೆ: ಮಳೆನೀರಿನ ತೋಡಿಗೆ ಯೋಜನೆ ಮತ್ತು ಹಣ ಹೊಂದಿಸುವುದು ಹೇಗೆ?

2018ರ ಮೇ 29ರಂದು ಮಂಗಳೂರು ಜಲಾವೃತವಾದ ಮೇಲೆ ಪ್ರತಿ ಮಳೆಗಾಲದಲ್ಲೂ ಒಂದೇ ಬೇಡಿಕೆ ಕೇಳಿಬರುತ್ತಿದೆ: ನಮ್ಮ ವಾರ್ಡಿನ ತೋಡಿಗೆ ತಡೆಗೋಡೆ ಕಟ್ಟಿಕೊಡಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಮೇಲಿನ ವಾರ್ಡಿನಲ್ಲಿ ತೋಡನ್ನು ಅಗಲಗೊಳಿಸಿ, ತಳಕ್ಕೆ ಕಾಂಕ್ರೀಟ್ ಹಾಕಿದರೆ ನೀರು ಇನ್ನಷ್ಟು ವೇಗವಾಗಿ ಹರಿದು ಕೆಳಗಿನ ವಾರ್ಡಿನ ಮನೆಗಳಿಗೆ ನುಗ್ಗುತ್ತದೆ. ನಗರದ 60 ವಾರ್ಡುಗಳ ಗಡಿ ನೀರಿಗೆ ತಿಳಿಯದು. ವಾರ್ಡ್ ಸಮಿತಿಯ ಸದಸ್ಯರು ಮತ್ತು ನಿವಾಸಿಗಳ ಸಂಘದವರು ಪಾಲಿಕೆಯ ಮುಂದೆ ಪ್ರಸ್ತಾವ ಇಡುವ ಮೊದಲು ಏನೇನು ಸಿದ್ಧಪಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕೆಲಸ, ಜಲಾನಯನದ ನಕ್ಷೆ

ಕದ್ರಿ, ಬಿಜೈ, ಕಾವೂರಿನಂತಹ ಎತ್ತರದ ಕಡೆಗಳಲ್ಲಿ ಬಿದ್ದ ಮಳೆ ತಗ್ಗಿನ ಬೈಲುಗಳಿಗೆ ಇಳಿದು, ದಕ್ಷಿಣದಲ್ಲಿ ನೇತ್ರಾವತಿಯನ್ನೋ ಉತ್ತರದಲ್ಲಿ ಫಲ್ಗುಣಿಯನ್ನೋ ಸೇರಬೇಕು. ಕೊಡಿಯಾಲ್‌ಬೈಲಿನಂತಹ ಹೆಸರುಗಳೇ ಒಂದು ಕಾಲಕ್ಕೆ ಅಲ್ಲಿ ಗದ್ದೆಗಳಿದ್ದುದನ್ನು ಹೇಳುತ್ತವೆ. ಗದ್ದೆ ಹೋದರೂ ತಗ್ಗು ಉಳಿದಿದೆ, ನೀರಿಗೆ ಆ ದಾರಿ ಮರೆತಿಲ್ಲ. ಆದ್ದರಿಂದ ತೋಡು ಹೊಳೆಯನ್ನು ಸೇರುವ ಜಾಗದಿಂದ ಹೊರಟು ಮೇಲಕ್ಕೆ ನಡೆಯುತ್ತ, ಪ್ರತಿ ಮೋರಿಯ ಅಗಲ, ಎತ್ತರ ಮತ್ತು ತಳಮಟ್ಟವನ್ನು ಬರೆದುಕೊಳ್ಳಬೇಕು. ಕುಡಿಯುವ ನೀರಿನ ಕೊಳವೆ ಅಥವಾ ಕೇಬಲ್ ತೋಡನ್ನು ಅಡ್ಡವಾಗಿ ದಾಟುವ ಸ್ಥಳಗಳನ್ನು ತಪ್ಪದೆ ಗುರುತಿಸಬೇಕು, ಏಕೆಂದರೆ ಪ್ಲಾಸ್ಟಿಕ್ ಮತ್ತು ತೆಂಗಿನ ಗರಿ ಸಿಕ್ಕಿಕೊಳ್ಳುವುದು ಅಲ್ಲಿಯೇ. ಈ ನಡಿಗೆಯನ್ನು ಬೇಸಿಗೆಯಲ್ಲಿ ಒಮ್ಮೆ, ಜೋರು ಮಳೆಯ ಮರುದಿನ ಇನ್ನೊಮ್ಮೆ ಮಾಡಬೇಕು; ಗೋಡೆಗಳ ಮೇಲೆ ನೀರು ಬಿಟ್ಟುಹೋದ ಗುರುತು ಯಾವ ದಾಖಲೆಗಿಂತಲೂ ನಂಬಲರ್ಹ.

ಲೆಕ್ಕ ಹಾಕುವುದು

ತೋಡು ಎಷ್ಟು ದೊಡ್ಡದಿರಬೇಕೆಂದು ಅಂದಾಜು ಮಾಡಲು ಎಂಜಿನಿಯರುಗಳು ಬಳಸುವ ಸೂತ್ರ ಸರಳವಾಗಿದೆ. ಜಲಾನಯನದ ವಿಸ್ತೀರ್ಣವನ್ನು ಹೆಕ್ಟೇರಿನಲ್ಲಿ, ಮಳೆಯ ತೀವ್ರತೆಯನ್ನು ಗಂಟೆಗೆ ಇಷ್ಟು ಮಿಲಿಮೀಟರ್ ಎಂದು ತೆಗೆದುಕೊಂಡು ಎರಡನ್ನೂ ಗುಣಿಸಿ, ನೆಲಕ್ಕೆ ಇಂಗದೆ ಹರಿದುಹೋಗುವ ಪಾಲಿನಿಂದ ಮತ್ತೆ ಗುಣಿಸಿ 360ರಿಂದ ಭಾಗಿಸಿದರೆ, ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರುತ್ತದೆ ಎಂಬುದು ಸಿಗುತ್ತದೆ. ಉದಾಹರಣೆಗೆ, 40 ಹೆಕ್ಟೇರ್ ಪ್ರದೇಶದಲ್ಲಿ ಗಂಟೆಗೆ 90 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದು, ಅದರ ಶೇ 40ರಷ್ಟು ಮಾತ್ರ ಹರಿದರೆ 4 ಘನ ಮೀಟರ್ ಬರುತ್ತದೆ. ಅಂಗಳಗಳಿಗೆಲ್ಲ ಇಂಟರ್‌ಲಾಕ್ ಹಾಕಿ, ತೋಟಗಳ ಜಾಗದಲ್ಲಿ ವಸತಿ ಸಮುಚ್ಚಯಗಳು ಎದ್ದು ಆ ಪಾಲು ಶೇ 80ಕ್ಕೆ ಏರಿದರೆ ಅದೇ ಮಳೆಗೆ 8 ಘನ ಮೀಟರ್. ಅಂದರೆ ಮಳೆ ಹೆಚ್ಚದಿದ್ದರೂ ತೋಡಿನ ಹೊರೆ ಇಮ್ಮಡಿಯಾಗುತ್ತದೆ. ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿಯುತ್ತದೆ ಎಂದಿಟ್ಟುಕೊಂಡರೆ, 8 ಘನ ಮೀಟರ್ ಸಾಗಲು ಎರಡೂವರೆ ಮೀಟರ್ ಅಗಲ, 1.6 ಮೀಟರ್ ಆಳದ ತೋಡು ಬೇಕು. ತಳದಲ್ಲಿ 40 ಸೆಂಟಿಮೀಟರ್ ಹೂಳು ನಿಂತರೆ ಅದರಲ್ಲಿ ಕಾಲು ಭಾಗ ಇಲ್ಲವಾದಂತೆಯೇ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರ ತನ್ನ ಮಾರ್ಗಸೂಚಿಯಲ್ಲಿ, ಐದು ವರ್ಷಕ್ಕೊಮ್ಮೆ ಬರುವಂತಹ ಮಳೆಯನ್ನು ಆಧಾರವಾಗಿಟ್ಟುಕೊಂಡು, ನಗರೀಕರಣವನ್ನು ಗಮನಿಸಿ ಶೇ 95ರವರೆಗೂ ನೀರು ಹರಿದುಬರುತ್ತದೆ ಎಂದು ಲೆಕ್ಕ ಹಾಕಲು ಸೂಚಿಸಿದೆ. ನಿಮ್ಮ ಕಡೆಯ ಅಂದಾಜು ಪಟ್ಟಿಯಲ್ಲಿ ಯಾವ ಸಂಖ್ಯೆಗಳನ್ನು ಬಳಸಲಾಗಿದೆ ಎಂದು ಕೇಳಿ ತಿಳಿದುಕೊಳ್ಳುವುದು ನಾಗರಿಕರ ಹಕ್ಕು.

ಸಮುದ್ರದ ಉಬ್ಬರ

ಕರಾವಳಿಗೆ ಮಾತ್ರ ಇರುವ ತೊಡಕು ಇದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಬಲವಾಗಿದ್ದಾಗ ಹೊಳೆಯ ಮಟ್ಟ ತೋಡಿನ ಬಾಯಿಗಿಂತ ಮೇಲೇರುತ್ತದೆ. ಆಗ ತೋಡನ್ನು ಎಷ್ಟು ಅಗಲ ಮಾಡಿದರೂ ನೀರು ಹೊರಹೋಗುವುದಿಲ್ಲ. ಬಾಯಿಗೆ ಒಮ್ಮುಖ ಬಾಗಿಲು ಇಟ್ಟರೆ ಹೊಳೆಯ ನೀರು ಒಳನುಗ್ಗುವುದನ್ನು ತಡೆಯಬಹುದು. ಆದರೆ ಬಾಗಿಲು ಮುಚ್ಚಿರುವಷ್ಟು ಹೊತ್ತು ಮೇಲಿನಿಂದ ಬರುವ ನೀರಿಗೆ ಜಾಗ ಎಲ್ಲಿ? ಮೇಲೆ ಹೇಳಿದ ಅದೇ 40 ಹೆಕ್ಟೇರಿನಲ್ಲಿ ಗಂಟೆಗೆ 30 ಮಿಲಿಮೀಟರಿನಂತೆ ಎರಡು ಗಂಟೆ ಮಳೆಯಾಗಿ, ಅದರ ಶೇ 80ರಷ್ಟು ಹರಿದುಬಂದರೆ 19,200 ಘನ ಮೀಟರ್ ನೀರು ಸೇರುತ್ತದೆ. ಅದನ್ನು ಹಿಡಿದಿಡಲು ಒಂದು ಹೆಕ್ಟೇರ್ ತಗ್ಗು ಜಾಗ ಹೆಚ್ಚುಕಡಿಮೆ ಎರಡು ಮೀಟರ್ ಆಳಕ್ಕೆ ತುಂಬಬೇಕು. ಉಳಿದಿರುವ ಬೈಲುಗಳನ್ನೂ ಹಳೆಯ ಕೆರೆಗಳನ್ನೂ ಮಣ್ಣು ತುಂಬಿಸದೆ ಕಾಪಾಡುವುದು, ಪಂಪು ಕೂರಿಸಿ ಪ್ರತಿವರ್ಷ ವಿದ್ಯುತ್ ಬಿಲ್ ಕಟ್ಟುವುದಕ್ಕಿಂತ ಅಗ್ಗ ಎಂಬುದು ಈ ಲೇಖಕನ ಅಭಿಪ್ರಾಯ.

ಕಾಮಗಾರಿಯ ಕ್ರಮ ಇದರಿಂದಲೇ ನಿಶ್ಚಯವಾಗುತ್ತದೆ: ಮೊದಲು ಹೊಳೆ ಸೇರುವ ಬಾಯಿ, ಬಳಿಕ ಹೆದ್ದಾರಿ ಮತ್ತು ರೈಲು ಹಳಿಯ ಕೆಳಗಿನ ಇಕ್ಕಟ್ಟಾದ ಮೋರಿಗಳು, ಕೊನೆಗೆ ಮೇಲಿನ ಬೀದಿಗಳ ಚರಂಡಿ. ಹೆದ್ದಾರಿ ಪ್ರಾಧಿಕಾರದ ಮತ್ತು ರೈಲ್ವೆಯ ಒಪ್ಪಿಗೆಗೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಆ ಪತ್ರಗಳನ್ನು ಎಲ್ಲಕ್ಕಿಂತ ಮುಂಚೆ ಬರೆಯಬೇಕು. ಹೊಳೆ ದಂಡೆಯ ಕೆಲಸಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸಬಹುದು.

ಹಣ ಎಲ್ಲಿಂದ?

ಒಂದೇ ಮೂಲದಿಂದ ಇಡೀ ತೋಡಿಗೆ ಹಣ ಸಿಗುವುದು ಅಪರೂಪ. ಆದ್ದರಿಂದ ಕೆಲಸವನ್ನು ಹಣದ ಸ್ವರೂಪಕ್ಕೆ ತಕ್ಕಂತೆ ವಿಂಗಡಿಸಬೇಕು. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗವು ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಅನುದಾನದಲ್ಲಿ ಶೇ 60ರಷ್ಟನ್ನು ನೈರ್ಮಲ್ಯ ಮತ್ತು ಕುಡಿಯುವ ನೀರಿಗೆ, ಅದರೊಳಗೇ ಮಳೆನೀರು ಸಂಗ್ರಹಕ್ಕೆ, ಮೀಸಲಿಟ್ಟು ಉಳಿದುದನ್ನು ಮಾತ್ರ ಸ್ಥಳೀಯ ಅಗತ್ಯಕ್ಕೆ ಬಿಟ್ಟಿತು. ಹಾಗಾಗಿ ಒಳಚರಂಡಿಯನ್ನೂ ಮಳೆನೀರಿನ ಚರಂಡಿಯನ್ನೂ ಒಂದೇ ಅಂದಾಜಿನಲ್ಲಿ ಬೆರೆಸಿದರೆ ಕಡತ ವಾಪಸು ಬರುತ್ತದೆ. ರಾಜ್ಯ ಹಣಕಾಸು ಆಯೋಗದ ಅನುದಾನ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆ ಮತ್ತು ಪಾಲಿಕೆಯ ಸ್ವಂತ ನಿಧಿ ವಾರ್ಡ್ ಮಟ್ಟದ ಚರಂಡಿಗಳಿಗೆ ಒಗ್ಗುತ್ತವೆ.

ತೋಡಿನ ಬಾಯಿ, ಬಾಗಿಲು, ನೀರು ಹಿಡಿದಿಡುವ ಜಾಗ ಇವುಗಳಿಗೆ ವಿಪತ್ತು ತಗ್ಗಿಸುವ ನಿಧಿಯ ಬಾಗಿಲು ತಟ್ಟಬೇಕು. ರಾಜ್ಯದ ವಿಪತ್ತು ನಿಧಿಯಲ್ಲಿ ಶೇ 20ರಷ್ಟು, ಪರಿಹಾರಕ್ಕಲ್ಲದೆ ಮುನ್ನೆಚ್ಚರಿಕೆಯ ಕೆಲಸಗಳಿಗೆಂದೇ ಮೀಸಲಾಗಿದ್ದು, ಪ್ರಸ್ತಾವ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ ಹೋಗುವುದು ಒಳ್ಳೆಯದು. ಕೇಂದ್ರವು ನಗರ ಪ್ರವಾಹಕ್ಕೆಂದು 2,500 ಕೋಟಿ ರೂಪಾಯಿ ಕೊಟ್ಟ ಮೊದಲ ಏಳು ನಗರಗಳಲ್ಲಿ ಕರ್ನಾಟಕದಿಂದ ಬೆಂಗಳೂರು ಮಾತ್ರ ಇತ್ತು. ದೊಡ್ಡ ಮೊತ್ತಕ್ಕೆ ಸಾಲವೂ ಒಂದು ದಾರಿಯೇ: 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಪಡೆದ, ಇಲ್ಲಿನವರು ಕುಡ್ಸೆಂಪ್ ಎಂದು ಕರೆಯುವ ಯೋಜನೆ ಕರಾವಳಿ ಜಿಲ್ಲೆಗಳ ಪಟ್ಟಣಗಳಿಗೇ ರೂಪುಗೊಂಡಿತ್ತು. ಜರ್ಮನಿಯ ಅನೇಕ ನಗರಗಳಲ್ಲಿ ಮನೆಯವರು ಕಾಂಕ್ರೀಟ್ ಮುಚ್ಚಿದ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ಮಳೆನೀರಿನ ಶುಲ್ಕ ಕಟ್ಟುತ್ತಾರೆ. ನಮ್ಮಲ್ಲಿ ಹಾಗೆ ಹೇಳಿದರೆ ಮುಂದಿನ ಚುನಾವಣೆಯ ನೆನಪಾಗುವುದು ಸಹಜ, ಆದರೆ ಅಂಗಳದಲ್ಲಿ ಇಂಗುಗುಂಡಿ ಮಾಡಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಚರ್ಚೆಯನ್ನಾದರೂ ಆರಂಭಿಸಬಹುದು.

ವೇಳಾಪಟ್ಟಿ ಮತ್ತು ಹೂಳು

ಕರಾವಳಿಯಲ್ಲಿ ತೋಡಿನೊಳಗೆ ಇಳಿದು ಕೆಲಸ ಮಾಡಲು ಸಿಗುವುದು ಸ್ಥೂಲವಾಗಿ ನವೆಂಬರಿನಿಂದ ಮೇ ಮಧ್ಯದವರೆಗೆ. ಹಾಗಾದರೆ ಮಳೆಗಾಲ ಮುಗಿಯುವ ಮೊದಲೇ ವಿಸ್ತೃತ ಯೋಜನಾ ವರದಿ, ಅಕ್ಟೋಬರಿನೊಳಗೆ ಟೆಂಡರ್ ಮುಗಿದಿರಬೇಕು. ಫೆಬ್ರವರಿಯಲ್ಲಿ ಕಾರ್ಯಾದೇಶ ಸಿಕ್ಕಿದ ಗೋಡೆ ಜೂನಿನ ಮೊದಲ ಮಳೆಗೆ ಅರ್ಧಕ್ಕೇ ನಿಂತಿರುತ್ತದೆ.

ನಿರ್ವಹಣೆಯ ಖರ್ಚನ್ನು ಪಾಲಿಕೆಯ ಬಜೆಟ್ಟಿನಲ್ಲಿ ಪ್ರತ್ಯೇಕ ಶೀರ್ಷಿಕೆಯಡಿ ತೋರಿಸುವಂತೆ ಕೇಳಬೇಕು. ದೊಡ್ಡ ತೋಡುಗಳ ಹೂಳೆತ್ತುವ ಕೆಲಸ ಮಾರ್ಚ್ 31ರೊಳಗೆ ಮುಗಿಯಬೇಕೆಂದು ಮೇಲೆ ಹೇಳಿದ 2010ರ ಮಾರ್ಗಸೂಚಿಯೇ ಹೇಳುತ್ತದೆ. ಟೆಂಡರಿನಲ್ಲಿ ಎತ್ತುವ ದರದ ಜೊತೆಗೆ ಸಾಗಿಸುವ ದರವನ್ನೂ, ಹೂಳನ್ನು ಹಾಕುವ ಜಾಗದ ಹೆಸರನ್ನೂ ಬರೆಸಿಕೊಳ್ಳಬೇಕು. ದಂಡೆಯ ಮೇಲೆ ರಾಶಿ ಹಾಕಿಬಿಟ್ಟ ಹೂಳು ಮೊದಲ ಮಳೆಗೇ ತೋಡಿಗೆ ಮರಳುತ್ತದೆ, ಬಿಲ್ ಮಾತ್ರ ಅಷ್ಟರಲ್ಲಿ ಪಾವತಿಯಾಗಿರುತ್ತದೆ.