ಲಾರಿ ಯಾರ ಹೆಸರಿನಲ್ಲಿರಬೇಕು?

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿ ಹೊರಗೆ ಲೋಡಿಗಾಗಿ ಕಾಯುವ ಲಾರಿಯವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ‘ಕಂಪನಿ ಮಾಡಿಬಿಟ್ಟರೆ ತೆರಿಗೆ ಉಳಿಯುತ್ತದೆ, ಅಪಘಾತವಾದರೂ ಮನೆ, ಹೊಲಕ್ಕೆ ತೊಂದರೆಯಿಲ್ಲ.’ ಒಂದೆರಡು ಲಾರಿ ಇಟ್ಟುಕೊಂಡು ತಾವೇ ಸ್ಟೇರಿಂಗ್ ಹಿಡಿಯುವವರ ಮಟ್ಟಿಗೆ ಇವೆರಡೂ ಹುಸಿ ಭರವಸೆಗಳು. ಆಡಿಟರ್ ಬಳಿ ಹೋಗುವ ಮೊದಲೇ ಇದನ್ನು ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು.

ಮೊದಲು, ಹಣ ಯಾರದೆಂದು ನೋಡಿ

ಹಾಕಿದ ಹಣ ನಿಮ್ಮದೇ, ಕಂತು ಕಟ್ಟುವವರೂ ಓಡಿಸುವವರೂ ನೀವೇ ಎಂದಾದರೆ ಏಕಮಾಲೀಕತ್ವ, ಅಂದರೆ ಸ್ವಂತ ಹೆಸರಿನಲ್ಲೇ ನಡೆಸುವ ವ್ಯವಹಾರ ಸಾಕು. ನಿಮ್ಮ ಪ್ಯಾನ್ ಸಂಖ್ಯೆಯೇ ವ್ಯವಹಾರದ ಪ್ಯಾನ್. ಬ್ಯಾಂಕಿನಲ್ಲಿ ಒಂದು ಚಾಲ್ತಿ ಖಾತೆ ತೆರೆಯಿರಿ. ಬಾಡಿಗೆ, ಡೀಸೆಲ್, ಕಂತು ಎಲ್ಲವೂ ಅದರಲ್ಲೇ ಓಡಾಡಲಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಜಾಲತಾಣದಲ್ಲಿ ಅದು ಪೂರ್ತಿ ಉಚಿತ. ಅದಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ.

ತೆರಿಗೆಯ ಲೆಕ್ಕ

ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಂ ಅಂದಾಜು ಆದಾಯದ ಸೌಲಭ್ಯ ಕೊಟ್ಟಿತ್ತು. 2025ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಒಟ್ಟು ತೂಕ 12 ಟನ್ ಮೀರಿದ ಲಾರಿಗೆ ಪ್ರತಿ ಟನ್ನಿಗೆ ತಿಂಗಳಿಗೆ ₹1,000, ಅದಕ್ಕಿಂತ ಚಿಕ್ಕ ವಾಹನಕ್ಕೆ ತಿಂಗಳಿಗೆ ₹7,500 ಆದಾಯವೆಂದು ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಬೇಕಿಲ್ಲ. ಇಲ್ಲಿ ತೂಕವೆಂದರೆ ಆರ್‌ಸಿಯಲ್ಲಿರುವ (ವಾಹನದ ನೋಂದಣಿ ಪತ್ರ) ಒಟ್ಟು ತೂಕ, ಹೇರಿದ ಮಾಲಿನದಲ್ಲ. 28 ಟನ್ನಿನ ಲಾರಿಗೆ ತಿಂಗಳಿಗೆ ₹28,000, ವರ್ಷಕ್ಕೆ ₹3,36,000. ಲಾರಿ ಶೆಡ್ಡಿನಲ್ಲಿ ನಿಂತ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಡೀಸೆಲ್, ಸವಕಳಿಯನ್ನು ಮತ್ತೆ ಕಳೆಯುವಂತಿಲ್ಲ.

ಅಂಥ ಎರಡು ಲಾರಿಯಿದ್ದರೂ ಆದಾಯ ₹6,72,000. 2025–26ನೇ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಇಂಥ ಆದಾಯಕ್ಕೆ ವ್ಯಕ್ತಿಯೊಬ್ಬರು ತೆರಿಗೆ ಕಟ್ಟಬೇಕಿಲ್ಲ. ಕಂಪನಿಗೆ ಈ ವಿನಾಯಿತಿಯಿಲ್ಲ. ಪಾಲುದಾರಿಕೆ ಸಂಸ್ಥೆಯಾದರೋ, ಪಾಲುದಾರರ ಸಂಬಳ, ಬಡ್ಡಿ ಕಳೆದು ಉಳಿದ ಲಾಭದ ಮೊದಲ ರೂಪಾಯಿಯಿಂದಲೇ ಶೇ 30. ಪಾಲುದಾರರ ಹೊಣೆ ಸೀಮಿತವಾಗಿರುವ ಎಲ್‌ಎಲ್‌ಪಿಗೂ ಇದೇ ದರ.

ಲೋಡ್ ಕೊಡುವ ಪಾರ್ಟಿಗೆ ಪ್ಯಾನ್ ಜೊತೆ ‘ನನ್ನ ಬಳಿ ಹತ್ತಕ್ಕಿಂತ ಹೆಚ್ಚು ವಾಹನವಿಲ್ಲ’ ಎಂಬ ಘೋಷಣೆ ಬರೆದುಕೊಡಿ. ಆಗ ಬಾಡಿಗೆಯಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ. ಬಿಲ್ಟಿಯನ್ನು (ಸರಕು ಸಾಗಣೆಯ ರಸೀದಿ) ಟ್ರಾನ್ಸ್‌ಪೋರ್ಟ್ ಕಚೇರಿಯೇ ಕೊಟ್ಟು, ನೀವು ಅವರಿಗೆ ಲಾರಿಯನ್ನಷ್ಟೇ ಬಾಡಿಗೆಗೆ ಕೊಡುವುದಾದರೆ ಆ ಬಾಡಿಗೆಗೆ ಜಿಎಸ್‌ಟಿಯೂ ಇಲ್ಲ.

ಅಪಘಾತದ ಮಾತು

ಕಾಗದದ ಮೇಲೆ ಲಾರಿ ಕಂಪನಿಯದೇ ಇರಲಿ, ನಿರ್ಲಕ್ಷ್ಯದಿಂದ ಡಿಕ್ಕಿ ಹೊಡೆದ ಚಾಲಕ ತನ್ನ ತಪ್ಪಿಗೆ ತಾನೇ ಹೊಣೆ. ಆ ಚಾಲಕ ನೀವೇ ಆಗಿದ್ದರೆ ಕಂಪನಿ ಎಂಬ ಗೋಡೆ ನಿಮ್ಮನ್ನು ಕಾಯುವುದಿಲ್ಲ. ಸಾಲ ಕೊಡುವವರೂ ಸಾಮಾನ್ಯವಾಗಿ ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತಾರೆ. ನಿಜವಾಗಿ ಕಾಯುವುದು ಜೀವಂತವಿರುವ ವಿಮೆ, ಸರಿಯಾದ ಲೈಸೆನ್ಸು, ಪರ್ಮಿಟ್ಟು, ಎಫ್‌ಸಿ (ವಾಹನದ ಅರ್ಹತಾ ಪತ್ರ).

ಈಗ ವಿಮೆಯ ಹಾಳೆಯನ್ನೊಮ್ಮೆ ಬಿಡಿಸಿ, ಪ್ರೀಮಿಯಂ ಪಟ್ಟಿಯಲ್ಲಿ ಮಾಲೀಕ–ಚಾಲಕರ ವೈಯಕ್ತಿಕ ಅಪಘಾತ ವಿಮೆಯ ಸಾಲನ್ನು ಹುಡುಕಿ. ಕೆಲವೇ ನೂರು ರೂಪಾಯಿಯ ಆ ಸಾಲಿನಲ್ಲಿ ₹15 ಲಕ್ಷದ ರಕ್ಷಣೆಯಿದೆ. ಲಾರಿ ಕಂಪನಿಯ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದ್ದರೆ ಈ ಸಾಲೇ ಇರುವುದಿಲ್ಲ. ಹೆಸರು ಬದಲಿಸುವ ಉತ್ಸಾಹದಲ್ಲಿ ಇದನ್ನು ಕಳೆದುಕೊಂಡರೆ ನಷ್ಟ ಹೆಂಡತಿ, ಮಕ್ಕಳಿಗೆ.

ಇಬ್ಬರ ಹಣ ಸೇರಿದರೆ

ನಮ್ಮ ಓಣಿಯಲ್ಲಿ ಭಾವ, ಭಾಮೈದ ಸೇರಿ ಲಾರಿ ಕೊಂಡರು. ಆರ್‌ಸಿ ಭಾವನ ಹೆಸರಿನಲ್ಲಿ. ಮುಂಗಡದ ಅರ್ಧ ಹಣ ಭಾಮೈದನದು. ಕಾಗದ ಒಂದೂ ಇಲ್ಲ. ಮೂರನೇ ವರ್ಷ ಜಗಳವಾದಾಗ ತನ್ನ ಹಣಕ್ಕೆ ಭಾಮೈದ ತೋರಿಸಲು ಉಳಿದದ್ದು ಡೈರಿಯ ಎರಡು ಪುಟ ಮಾತ್ರ. ನಂಟಸ್ತನ ಎಷ್ಟೇ ಗಟ್ಟಿಯಿರಲಿ, ಪಾಲುದಾರಿಕೆ ಪತ್ರ ಬರೆಸಿ: ಯಾರ ಬಂಡವಾಳ ಎಷ್ಟು, ಓಡಿಸುವವರಿಗೆ ಸಂಬಳ ಎಷ್ಟು, ಬಿಟ್ಟು ಹೋಗುವವರಿಗೆ ಲಾರಿಯ ಬೆಲೆ ಕಟ್ಟುವುದು ಹೇಗೆ. ಆಮೇಲೆ ಸಂಸ್ಥೆಯನ್ನು ನೋಂದಾಯಿಸಿ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಣಿಯಾಗದ ಸಂಸ್ಥೆ ಒಪ್ಪಂದದಂತೆ ಬರಬೇಕಾದ ಬಾಕಿ ಬಾಡಿಗೆಗಾಗಿ ದಾವೆ ಹೂಡುವಂತಿಲ್ಲ. ನೆನಪಿಡಿ, ಇಲ್ಲಿ ಸಾಲಕ್ಕೆ ಪ್ರತಿ ಪಾಲುದಾರನ ಸ್ವಂತ ಆಸ್ತಿಯೂ ಹೊಣೆ.

ಕಂಪನಿ ಯಾವಾಗ?

ನಾಲ್ಕೈದು ಲಾರಿ, ಸಂಬಳದ ಚಾಲಕರು, ಚಿತ್ರದುರ್ಗದ ಅದಿರು ಸಾಗಣೆಯಂಥ ದೊಡ್ಡ ಗುತ್ತಿಗೆ ಬಂದಾಗ ಎಲ್‌ಎಲ್‌ಪಿ ಅಥವಾ ಕಂಪನಿಗೆ ಅರ್ಥವಿದೆ. ಆಗ ಬೇರೊಬ್ಬ ಚಾಲಕನ ತಪ್ಪಿನ ಹೊರೆ ಸಂಸ್ಥೆಯ ಆಸ್ತಿಗೆ ಸೀಮಿತವಾಗುತ್ತದೆ. ಏಕವ್ಯಕ್ತಿ ಕಂಪನಿಗೂ ವಹಿವಾಟು ಎಷ್ಟೇ ಇರಲಿ ಪ್ರತಿ ವರ್ಷ ಆಡಿಟ್ ಕಡ್ಡಾಯ. ಲಾರಿಯನ್ನು ಕಂಪನಿಗೆ ವರ್ಗಾಯಿಸಲು ಸಾಲದವರ ಒಪ್ಪಿಗೆ ಪತ್ರ, ಆರ್‌ಸಿ, ಪರ್ಮಿಟ್, ವಿಮೆ ಎಲ್ಲವೂ ಹೊಸ ಹೆಸರಿಗೆ ಆಗಬೇಕು.

ಸ್ವಂತ ಹೆಸರಿನಲ್ಲೇ ಇಟ್ಟುಕೊಂಡವರು

ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಿ. 2021ರಿಂದ ಅದಕ್ಕೆ ಅವಕಾಶವಿದೆ. ಮನೆಯವರಿಗೂ ಒಂದು ವಿಷಯ ಹೇಳಿಡಿ: ಪರ್ಮಿಟ್ ಹೊಂದಿದವರು ತೀರಿಕೊಂಡರೆ 30 ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಳಿಸಿದರೆ ವಾರಸುದಾರರು ಅದೇ ಪರ್ಮಿಟ್‌ನಲ್ಲಿ ಮೂರು ತಿಂಗಳು ಲಾರಿ ಓಡಿಸಬಹುದು, ಅಷ್ಟರೊಳಗೆ ವರ್ಗಾವಣೆಗೆ ಅರ್ಜಿ ಹಾಕಬಹುದು.